ಬಿಚ್ಚಿ ನೋಡಿದ್ದಕ್ಕೆ ಎಷ್ಟು?

ನಮ್ಮ ನೆಂಟರಲ್ಲಿ ಯಾರ ಬೈಕು ಕೆಟ್ಟರೂ ನನ್ನ ವಾಟ್ಸಾಪಿಗೆ ಒಂದು ಫೋಟೊ ಬರುತ್ತದೆ. ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟಿನ ಫೋಟೊ. ಕೆಲವು ಕಂಪ್ಯೂಟರ್ ಪ್ರಿಂಟು. ಕೆಲವು ಸ್ಪೇರ್ ಪ್ಯಾಕೆಟ್ಟಿನ ಬೆನ್ನ ಮೇಲೆ ಬಾಲ್ ಪೆನ್ನಿನಲ್ಲಿ ಗೀಚಿದ್ದು, ಮೂಲೆಯಲ್ಲಿ ಗ್ರೀಸ್ ಹತ್ತಿದ ಹೆಬ್ಬೆಟ್ಟಿನ ಗುರುತು. ಕೆಳಗೆ ಒಂದೇ ಪ್ರಶ್ನೆ: "ಜಾಸ್ತಿ ಹೇಳ್ತಿದಾನಾ?" ನಾನು ಮೆಕ್ಯಾನಿಕ್ ಅಲ್ಲ. ಆಫೀಸಿನಲ್ಲಿ ಕೂತು ಬೇರೆಯವರ ಲೆಕ್ಕ ನೋಡುವ ಕೆಲಸ ನನ್ನದು. ಆದರೆ ಗಾಡಿ ಬಿಟ್ಟು ಸಂಜೆ ಬನ್ನಿ ಅಂದರೆ ಬಿಟ್ಟು ಬರುವ ಜಾಯಮಾನ ಅಲ್ಲ. ಅಲ್ಲೇ ಒಂದು ಸ್ಟೂಲ್ ಎಳೆದುಕೊಂಡು ಕೂರುತ್ತೇನೆ. ಹಾಗೆ ಕೂತೂ ಕೂತೂ ನಾಲ್ಕು ವಿಷಯ ಕಿವಿಗೆ ಬಿದ್ದಿವೆ. ಅಷ್ಟಕ್ಕೇ ಮನೆಯವರ ಕಣ್ಣಿಗೆ ನಾನು ತಜ್ಞ.

ಫೋಟೊ ನೋಡಿ ಜಾಸ್ತಿಯೋ ಕಮ್ಮಿಯೋ ಹೇಳಲು ಆಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಯಾರೂ ನಂಬುವುದಿಲ್ಲ. 12 ಸಾವಿರ ದುಬಾರಿ ಅಲ್ಲದೆ ಇರಬಹುದು, 900 ರೂಪಾಯಿ ಶುದ್ಧ ದಂಡ ಆಗಿರಬಹುದು. ಮೊತ್ತ ಬರೆದವನು ಬರೆಯುವುದಕ್ಕೆ ಮುಂಚೆ ಏನು ನೋಡಿದ, ಏನು ಬಿಚ್ಚಿದ, ಏನು ಅಳೆದ ಅನ್ನುವುದು ಆ ಚೀಟಿಯಲ್ಲಿ ಇರುವುದೇ ಇಲ್ಲ. ನನಗೆ ಬೇಕಾದದ್ದು ಅದು.

ಹೊಗೆ ಯಾವಾಗ ಬರುತ್ತೆ?

ನನ್ನ ಚಿಕ್ಕಮ್ಮನ ಮಗ ಇರುವುದು ಬೆಂಗಳೂರಿನ ವಿಜಯನಗರದಲ್ಲಿ, ಕೆಲಸ ಪೀಣ್ಯದಲ್ಲಿ. 2013ರ ಮಾಡೆಲ್ 150 ಸಿಸಿ ಗಾಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬರಲು ಶುರುವಾಯಿತು. ಮನೆ ಹತ್ತಿರದ ಗ್ಯಾರೇಜಿಗೆ ಒಯ್ದ. ಅಲ್ಲಿ ಎರಡು ಸಲ ರೇಸ್ ಮಾಡಿ, ಕಿವಿಗೊಟ್ಟು ಕೇಳಿ, "ಬೋರ್ ಹೋಗಿದೆ, ಇಂಜಿನ್ ಕೆಲಸ ಬಂದಿದೆ" ಅಂದರಂತೆ. ಬೋರ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆ. ಅರ್ಧ ಗಂಟೆಯಲ್ಲಿ ಫೋಟೊ ನನಗೆ ಬಂತು. ಬೋರ್ ಪಿಸ್ಟನ್ ಕಿಟ್ 4,200. ರಿಂಗ್ ಸೆಟ್ 650. ಟೈಮಿಂಗ್ ಚೈನ್ ಕಿಟ್ 1,100. ಕ್ಲಚ್ ಪ್ಲೇಟ್ 1,150. ಫುಲ್ ಪ್ಯಾಕಿಂಗ್ 450. ಆಯಿಲ್ 420. ಲೇತ್ ಕೆಲಸ 800. ಲೇಬರ್ 3,500. ಒಟ್ಟು 12,270.

ಲೆಕ್ಕ ನೋಡುವ ಕಣ್ಣಿಗೆ ಮೊದಲು ಕಂಡದ್ದು ರಿಂಗ್ ಸೆಟ್. ಬೋರ್ ಪಿಸ್ಟನ್ ಕಿಟ್ ಅಂತ ಡಬ್ಬಿಯಲ್ಲಿ ಬರುವುದರಲ್ಲಿ ರಿಂಗೂ, ಅಂದರೆ ಪಿಸ್ಟನ್ ಸುತ್ತ ಕೂರುವ ಬಳೆಗಳೂ ಇರುತ್ತವೆ. ಮತ್ತೆ ಬೇರೆ ಸಾಲು ಯಾಕೆ? ಇನ್ನೊಂದು, ಲೇತ್ ಕೆಲಸ. ಹಳೇ ಬೋರನ್ನೇ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕುವುದಾದರೆ ಲೇತಿಗೆ ಹೋಗಬೇಕು. ಓವರ್‌ಸೈಜ್ ಪಿಸ್ಟನ್ ಸಾಮಾನ್ಯವಾಗಿ ಕಾಲು ಮಿಲಿಮೀಟರ್, ಅರ್ಧ, ಮುಕ್ಕಾಲು ಹೀಗೆ ಮೇಲೇರುತ್ತಾ ಬರುತ್ತದೆ. ಹೊಸ ಬೋರೇ ಹಾಕುವಾಗ ಕೊರೆಯುವುದು ಏನನ್ನು? ಬೋರಿನ ಮೇಲೆ ಕೂರುವ ಹೆಡ್ಡಿನಲ್ಲಿ ವಾಲ್ವ್ ಸೀಟಿನ ಕೆಲಸ ಇರಬಹುದು, ಇಲ್ಲ ಅನ್ನಲಾರೆ. ಕೇಳಿದರೆ ತಪ್ಪಿಲ್ಲ. ಕ್ಲಚ್ ಪ್ಲೇಟಿಗೆ ಕೊಟ್ಟ ಕಾರಣ, "ಹೆಂಗೂ ಇಂಜಿನ್ ಬಿಚ್ತೀವಲ್ಲ, ಈಗಲೇ ಹಾಕಿಬಿಟ್ರೆ ಲೇಬರ್ ಉಳಿಯುತ್ತೆ." ಟೈಮಿಂಗ್ ಚೈನಿಗೆ ಈ ಮಾತು ಒಪ್ಪುತ್ತದೆ. ಹೆಡ್ ಇಳಿಸಿದಾಗ ಅದರ ಕೆಲಸ ಅರ್ಧ ಆದಂತೆಯೇ. ಕ್ಲಚ್ ಇರುವುದು ಪಕ್ಕದ ಕವರಿನ ಒಳಗೆ. ಇಂಜಿನ್ ಅಲ್ಲಾಡಿಸದೆ, ಕವರ್ ಒಂದನ್ನೇ ತೆಗೆದು ಯಾವತ್ತು ಬೇಕಾದರೂ ಬದಲಾಯಿಸಬಹುದು. ಇವನ ಗಾಡಿಯಲ್ಲಿ ಕ್ಲಚ್ ಜಾರುತ್ತಲೂ ಇರಲಿಲ್ಲ. ಜಾರುವ ಕ್ಲಚ್ ಹೇಗಿರುತ್ತದೆ ಅಂದರೆ, ಆಕ್ಸಿಲರೇಟರ್ ಕೊಟ್ಟಾಗ ಇಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಎರಡು ಸಾಲು ಹೊಡೆಸಿ ಹನ್ನೊಂದು ಸಾವಿರಕ್ಕೆ ಇಳಿಸಿಕೊಟ್ಟರೆ ಮನೆಯಲ್ಲಿ ಶಭಾಷ್ ಅನ್ನುತ್ತಿದ್ದರು. ಆದರೆ ಬೋರ್ ಹೋಗಿದೆ ಅನ್ನುವುದಕ್ಕೆ ಸಾಕ್ಷಿ ಏನು? ರೇಸ್ ಮಾಡಿ ಕೇಳಿದ್ದು ಮಾತ್ರ. ಆ ಶನಿವಾರ ಇಬ್ಬರೂ ಹನುಮಂತನಗರಕ್ಕೆ ಹೋದೆವು. ರಾಮಾಂಜನೇಯ ಗುಡ್ಡದ ಆ ಕಡೆ ಇಳಿಜಾರಿನಲ್ಲಿ ನಾನು ಸ್ಟೂಲ್ ಎಳೆದುಕೊಂಡು ಕೂರುವ ಗ್ಯಾರೇಜು ಇದೆ. ಗ್ಯಾರೇಜು ಅಂದರೆ ಒಂದು ಶಟರ್, ಎದುರಿಗೆ ಫುಟ್‌ಪಾತ್, ಒಬ್ಬ ಮೇಸ್ತ್ರಿ, ಒಬ್ಬ ಹುಡುಗ.

ಮೇಸ್ತ್ರಿ ಗಾಡಿ ಮುಟ್ಟಲಿಲ್ಲ. ಮೊದಲು ಕೇಳಿದರು, "ಹೊಗೆ ಯಾವಾಗ ಬರುತ್ತೆ?"

"ಯಾವಾಗಲೂ ಬರುತ್ತೆ ಅಣ್ಣ."

"ಯಾವಾಗಲೂ ಅಂದ್ರೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣಾನಾ, ಫ್ಲೈಓವರ್ ಹತ್ತುವಾಗಲಾ?"

ನನ್ನ ತಮ್ಮ ಯೋಚನೆ ಮಾಡಿದ. ಬೆಳಿಗ್ಗೆ ಜಾಸ್ತಿ, ಹೊಗೆ ಒಳಗೆ ಬರುತ್ತೆ ಅಂತ ಹೆಂಡತಿ ಬಾಗಿಲು ಹಾಕಿಕೊಳ್ಳುತ್ತಾಳೆ. ಆಮೇಲೆ ನಿಂತುಹೋಗುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಮತ್ತೆ ಕೊಟ್ಟಾಗ ಭಸ್ ಅಂತ ಒಂದು ಸಲ ಬರುತ್ತದೆ. ಫ್ಲೈಓವರ್ ಹತ್ತುವಾಗ? ಇಲ್ಲ ಅನ್ಸುತ್ತೆ. ಪಿಕಪ್? ಮೊದಲಿನ ಹಾಗೇ ಇದೆ.

ಆಗ ಮೇಸ್ತ್ರಿ ಪ್ಲಗ್ ಬಿಚ್ಚಿದರು. ಆ ತೂತಿಗೆ, ಇಂಜಿನ್ನಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜಿನ ರಬ್ಬರ್ ಮೂತಿ ಒತ್ತಿ ಹಿಡಿದರು. ಹುಡುಗ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಮೇಲೇರುವುದು ನಿಲ್ಲುವ ತನಕ ಕಿಕ್ಕರ್ ಒದ್ದ. 140ರ ಹತ್ತಿರ ನಿಂತಿತು. ಮೇಸ್ತ್ರಿ ಗೇಜ್ ತೆಗೆದು, ಪ್ಲಗ್ಗಿನ ತೂತಿನೊಳಗೆ ಒಂದು ಚಮಚದಷ್ಟು ಆಯಿಲ್ ಬಿಟ್ಟರು. ಮತ್ತೆ ಗೇಜ್, ಮತ್ತೆ ಕಿಕ್ಕರ್. ಈ ಸಲ 150 ಕೂಡ ಮುಟ್ಟಲಿಲ್ಲ. "ರಿಂಗ್ ಹೋಗಿದ್ರೆ ಈ ಆಯಿಲ್ ಪಿಸ್ಟನ್ ಸುತ್ತ ಸಂದಿಗೆ ಇಳಿದು ಮುಚ್ಚಿಕೊಳ್ಳುತ್ತೆ. ಮುಳ್ಳು ಎಲ್ಲಿಗೋ ಹೋಗುತ್ತೆ. ಇದು ಹೋಗಲಿಲ್ಲ ನೋಡಿ." ಅವರ ಅನುಮಾನ ವಾಲ್ವ್ ಸೀಲ್ ಮೇಲೆ. ರಾತ್ರಿಯೆಲ್ಲ ಗಾಡಿ ನಿಂತಾಗ ಹೆಡ್ಡಿನ ಆಯಿಲ್ ಸೀಲ್ ದಾಟಿ ಹನಿಹನಿಯಾಗಿ ಕೆಳಗೆ ಇಳಿಯುತ್ತದೆ. ಬೆಳಿಗ್ಗೆ ಅದು ಉರಿದು ಹೊಗೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಒಳಗಿನ ಎಳೆತ ಜಾಸ್ತಿಯಾಗಿ ಅದೇ ಆಯಿಲ್ ಒಳಗೆ ಬರುತ್ತದೆ.

ಇಲ್ಲಿಗೆ ಅವರು ನಿಲ್ಲಿಸಿದ್ದರೂ ನಾನು ತಲೆಯಾಡಿಸುತ್ತಿದ್ದೆ. ನಿಲ್ಲಿಸಲಿಲ್ಲ. "ಆಯಿಲ್ ರಿಂಗ್ ಒಂದೇ ಹೋಗಿದ್ರೆ ಈ ಗೇಜಲ್ಲಿ ಗೊತ್ತಾಗಲ್ಲ ಸಾರ್. ಹೆಡ್ ಇಳಿಸಿದ ಮೇಲೆ ಬೋರ್ ನೋಡ್ತೀನಿ. ಗೆರೆ ಬಿದ್ದಿದ್ರೆ ಫೋನ್ ಮಾಡ್ತೀನಿ, ಆಗ ನಿಮ್ಮ ದುಡ್ಡು ನಿಮ್ಮಿಷ್ಟ. ಇಲ್ದಿದ್ರೆ 3,400ಕ್ಕೆ ಮುಗಿಯುತ್ತೆ." ನಾನು ಇಷ್ಟು ವರ್ಷದಲ್ಲಿ ಕೇಳಿದ ಕೊಟೇಶನ್‌ಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಅವರಿಗೆ ಗೊತ್ತಿರುವುದು ಯಾವುದು, ಬಿಚ್ಚಿದ ಮೇಲೆ ಗೊತ್ತಾಗುವುದು ಯಾವುದು, ಎರಡನ್ನೂ ಬೇರೆ ಬೇರೆ ಇಟ್ಟು ಹೇಳಿದರು. ಮಂಗಳವಾರ ಹೆಡ್ ಇಳಿಸಿ ವಿಡಿಯೋ ಕಾಲ್ ಮಾಡಿದರು. ಬೋರಿನ ಗೋಡೆ ಮೇಲೆ ಕಂಪನಿಯಲ್ಲಿ ಹಾಕಿದ ಅಡ್ಡಡ್ಡ ಗೆರೆಗಳು ಇನ್ನೂ ಕಾಣುತ್ತಿದ್ದವು, ಅಂದರೆ ಬೋರ್ ಸವೆದಿರಲಿಲ್ಲ. ಹಳೇ ವಾಲ್ವ್ ಸೀಲನ್ನು ಬೆರಳಲ್ಲಿ ಹಿಡಿದು ಉಗುರಿನಿಂದ ಒತ್ತಿ ತೋರಿಸಿದರು. ರಬ್ಬರ್ ಅಂತ ಹೇಳುವ ಹಾಗೇ ಇರಲಿಲ್ಲ, ಬಗ್ಗಲೇ ಇಲ್ಲ.

ಲೇಬರಿನಲ್ಲಿ ಸ್ವಲ್ಪ ನೋಡಿ ಅಣ್ಣ

ಗಾಡಿ ತೆಗೆದುಕೊಂಡು ಹೋಗಲು ಬಂದ ದಿನ ನನ್ನ ತಮ್ಮ ಬಿಲ್ ನೋಡಿದ. ಸೀಲ್, ಹೆಡ್ ಪ್ಯಾಕಿಂಗ್, ಟೈಮಿಂಗ್ ಚೈನಿನ ಟೆನ್ಷನರ್, ಆಯಿಲ್, ಎಲ್ಲ ಸೇರಿ 1,600. ಲೇಬರ್ 1,800. ನೋಡಿದವನೇ, "ಲೇಬರಿನಲ್ಲಿ ಸ್ವಲ್ಪ ನೋಡಿ ಅಣ್ಣ, ಸೀಲ್ ಬರೀ ನೂರೈವತ್ತು ರೂಪಾಯಿದು, ಹಾಕೋಕೆ ಸಾವಿರದ ಎಂಟುನೂರಾ?" ಅಂದ. ಎಂಟೂ ಮುಕ್ಕಾಲು ಸಾವಿರ ಉಳಿದ ಮನುಷ್ಯನ ಬಾಯಲ್ಲಿ ಈ ಮಾತು. ಮೇಸ್ತ್ರಿ ನಕ್ಕು ಇನ್ನೂರು ಬಿಟ್ಟರು. ನನಗೆ ಆ ನಗು ಇವತ್ತಿಗೂ ಚುಚ್ಚುತ್ತದೆ.

ಯಾಕೆ ಅಂದರೆ, ಗ್ಯಾರೇಜಿನ ಬಿಲ್ ಸುಳ್ಳಾಗುವುದು ಸರಿಯಾಗಿ ಈ ಜಾಗದಲ್ಲಿ. ಪ್ಯಾಕೆಟ್ ಮೇಲೆ ಎಂಆರ್‌ಪಿ ಅಚ್ಚಾಗಿದ್ದರೆ ನಾವು ಬಾಯಿ ಮುಚ್ಚಿಕೊಂಡು ಕೊಡುತ್ತೇವೆ. ಕೈಕೆಲಸಕ್ಕೆ ಬೆಲೆ ಹೇಳಿದ ತಕ್ಷಣ ಚೌಕಾಶಿ. ಇನ್ನು ನೋಡಿದ್ದಕ್ಕೆ, ಯೋಚಿಸಿದ್ದಕ್ಕೆ, ಗೇಜ್ ಹಿಡಿದು ಪರೀಕ್ಷೆ ಮಾಡಿದ್ದಕ್ಕೆ ಬೆಲೆಯೇ ಇಲ್ಲ. "ಸುಮ್ನೆ ನೋಡಿ ಹೇಳಿ ಅಣ್ಣ" ಅನ್ನುತ್ತೇವೆ. ಸುಮ್ಮನೆ ನೋಡಿ ಹೇಳಿದವನು ಆ ದಿನದ ಕೂಲಿ ಎಲ್ಲಿಂದ ಹುಟ್ಟಿಸಬೇಕು? ಸ್ಪೇರಿನಿಂದ. ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಅಂಗಡಿಗಳಲ್ಲಿ ಮೆಕ್ಯಾನಿಕ್‌ಗಳಿಗೆ ಎಂಆರ್‌ಪಿ ಮೇಲೆ ಇಷ್ಟು ಅಂತ ಬಿಡುತ್ತಾರೆ. ಆ ವ್ಯತ್ಯಾಸವೇ ಅವರ ಲಾಭ. ಹೀಗಾದಾಗ ನೂರೈವತ್ತರ ಸೀಲ್ ಪತ್ತೆ ಹಚ್ಚುವ ಮೆಕ್ಯಾನಿಕ್‌ಗೆ ಸಿಗುವುದು ಪುಡಿಗಾಸು. ಪತ್ತೆ ಹಚ್ಚದೆ ನಾಲ್ಕು ಸಾವಿರದ ಬೋರ್ ಕಿಟ್ ಹಾಕುವವನಿಗೆ ಒಳ್ಳೇ ಲಾಭ. ಹೊಗೆ ಎರಡು ಕಡೆಯೂ ನಿಲ್ಲುತ್ತದೆ. ಬೋರ್ ಕೆಲಸ ಮಾಡುವಾಗ ಹೆಡ್ ಇಳಿಸಿಯೇ ಇಳಿಸುತ್ತಾರೆ, ಸೀಲೂ ಬದಲಾಗುತ್ತದೆ. ಗಿರಾಕಿಗೂ ಖುಷಿ. ವಿಜಯನಗರದವರು ಮೋಸ ಮಾಡಲು ಹೊರಟಿದ್ದರು ಅಂತ ನಾನು ಹೇಳುವುದಿಲ್ಲ. ಅವರಿಗೆ ಪರೀಕ್ಷೆ ಮಾಡಲು ಕಾರಣವೇ ಇರಲಿಲ್ಲ.

ಒಮ್ಮೆ ನಾನು ಜೆ.ಸಿ. ರಸ್ತೆಗೆ ಹೋಗಿ ಚೈನ್ ಸ್ಪ್ರಾಕೆಟ್ ಕಿಟ್ ನಾನೇ ತಂದೆ. ಟೌನ್ ಹಾಲಿನಿಂದ ಮಿನರ್ವ ಸರ್ಕಲ್ ಕಡೆ ನಡೆದರೆ ಸಾಲಾಗಿ ಸ್ಪೇರ್ ಅಂಗಡಿ. ಕೌಂಟರಿನಲ್ಲಿ ಮೊದಲ ಪ್ರಶ್ನೆ ಗಾಡಿ ಯಾವುದು ಅಂತ, ಎರಡನೆಯದು "ಕಂಪನಿದಾ, ಲೋಕಲ್ಲಾ?" ಕಂಪನಿಯದೇ ತಂದು ಹನುಮಂತನಗರದಲ್ಲಿ ಮುಂದಿಟ್ಟೆ. ಮೇಸ್ತ್ರಿ ಡಬ್ಬಿ ತಿರುಗಿಸಿ ನೋಡಿದರು. "ಒಳ್ಳೇ ಮಾಲು. ಆದ್ರೆ ಸಾರ್, ಹೋಟೆಲಿಗೆ ಅಕ್ಕಿ ಬೇಳೆ ತಂದುಕೊಟ್ಟು ಊಟಕ್ಕೆ ಎಷ್ಟು ಅಂತ ಕೇಳಿದ ಹಾಗಾಯ್ತು." ಅವತ್ತು ಅವರು ಹೇಳಿದ ಲೇಬರ್ ಮಾಮೂಲಿಗಿಂತ ಜಾಸ್ತಿ. ನನಗೆ ನ್ಯಾಯ ಅನ್ನಿಸಿತು, ಕೊಟ್ಟೆ. ಆಮೇಲೆ ನಮ್ಮಿಬ್ಬರಲ್ಲಿ ಒಂದು ಒಪ್ಪಂದ ಆಯಿತು. ಸ್ಪೇರ್ ಅವರೇ ತರಲಿ, ಖಾಲಿ ಪ್ಯಾಕೆಟ್ ಮತ್ತು ಹಳೇ ಪಾರ್ಟ್ ನನಗೆ ಕೊಡಲಿ. ಹೊಸದು ಬಂದ ಡಬ್ಬಿಯೊಳಗೇ ಹಳೆಯದನ್ನು ಹಾಕಿ ಕೊಡುತ್ತಾರೆ. ಮೊದಮೊದಲು ಇದು ಅನುಮಾನದ ಮಾತು ಅನ್ನಿಸಿ ಕೇಳಲು ಸಂಕೋಚ ಆಗುತ್ತಿತ್ತು. ಒಳ್ಳೇ ಮೆಕ್ಯಾನಿಕ್‌ಗೆ ಬೇಜಾರಾಗುವುದಿಲ್ಲ. ತಾನು ಹೇಳಿದ್ದು ನಿಜ ಅಂತ ತೋರಿಸುವ ಅವಕಾಶ ಅವರಿಗೂ ಬೇಕಲ್ವಾ?

(ಹಳೇ ಸ್ಟಾಕಿನ ಪ್ಯಾಕೆಟ್ ಬಂದರೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ. 28 ಇದ್ದದ್ದು ಶೇ. 18ಕ್ಕೆ ಇಳಿದಿದೆ. ಅದಕ್ಕೂ ಮುಂಚೆ ಅಚ್ಚಾದ ಎಂಆರ್‌ಪಿಯನ್ನೇ ತೋರಿಸಿ ಪೂರ್ತಿ ತೆಗೆದುಕೊಂಡರೆ ಕೇಳಿ.)

ಇಪ್ಪತ್ತೈದರ ಗಾಡಿಗೆ ಹನ್ನೆರಡು ಸಾವಿರವಾ?

ಇದು ಇನ್ನೊಂದು ಪ್ರಶ್ನೆ. ಫೋಟೊ ಕಳಿಸಿದವರ ಅಪ್ಪಂದಿರು ಕೇಳುವಂಥದ್ದು. ಮಾರಿದರೆ 25 ಸಾವಿರ ಹುಟ್ಟದ ಗಾಡಿಗೆ 12 ಸಾವಿರ ಸುರಿಯುವುದು ಮೂರ್ಖತನ ಅಂತ ಅವರ ವಾದ. ಕೇಳಲು ಗಟ್ಟಿಯಾಗಿದೆ. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಮಾರುವವನಿಗೆ ಮಾತ್ರ ಮಾರಾಟದ ಬೆಲೆ ಬೇಕು. ಓಡಿಸುವವನಿಗೆ ಬೇಕಾದದ್ದು ಆ ಜಾಗಕ್ಕೆ ಇನ್ನೊಂದು ಗಾಡಿ ತರಲು ಎಷ್ಟಾಗುತ್ತದೆ ಅನ್ನುವುದು. ಹೊಸ 125 ಸಿಸಿ ಗಾಡಿ ಬೆಂಗಳೂರಿನಲ್ಲಿ ರಸ್ತೆಗೆ ಇಳಿಯುವ ಹೊತ್ತಿಗೆ ಲಕ್ಷದ ಆಸುಪಾಸಿಗೆ ಹೋಗುತ್ತದೆ. ಜೀವಿತಾವಧಿ ತೆರಿಗೆ ಜಾಸ್ತಿ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು. ಇಲ್ಲ, ಸೆಕೆಂಡ್ ಹ್ಯಾಂಡ್ 40 ಸಾವಿರಕ್ಕೆ ತರುತ್ತೇನೆ ಅಂದರೆ, ಆ ಗಾಡಿಯ ಬೋರ್ ಹೇಗಿದೆ ಅಂತ ಯಾರಿಗೆ ಗೊತ್ತು? ನಮ್ಮ ಹಳೇ ಗಾಡಿಯ ಕಾಯಿಲೆಗಳಾದರೂ ಪರಿಚಯದವು.

ವಿಮೆಯ ಕಾಗದದಲ್ಲಿ ಐಡಿವಿ ಅಂತ ಒಂದು ಅಂಕಿ ಇರುತ್ತದೆ, ವಿಮೆಯವರ ಲೆಕ್ಕದಲ್ಲಿ ಗಾಡಿಯ ಮೌಲ್ಯ. ಕೆಲವರು ಅದನ್ನೇ ಗಾಡಿಯ ಬೆಲೆ ಅಂತ ಹಿಡಿಯುತ್ತಾರೆ. ಐದು ವರ್ಷದವರೆಗೆ ಇಷ್ಟಿಷ್ಟು ಶೇಕಡಾ ಕಳೆಯಬೇಕು ಅಂತ ಪಟ್ಟಿ ಇದೆ. ನಾಲ್ಕರಿಂದ ಐದನೇ ವರ್ಷದಲ್ಲಿ ಅರ್ಧ ಹೋಗಿರುತ್ತದೆ. ಆಮೇಲೆ ವಿಮೆ ಕಂಪನಿ ಮತ್ತು ನಾವು ಒಪ್ಪಿಕೊಂಡದ್ದೇ ಬೆಲೆ. ಗಾಡಿ ಕಳುವಾದರೆ, ನುಜ್ಜುಗುಜ್ಜಾದರೆ ಆ ಅಂಕಿ ಕೆಲಸಕ್ಕೆ ಬರುತ್ತದೆ. ಅಪಘಾತದ ರಿಪೇರಿಗೆ ಕ್ಲೇಮ್ ಮಾಡಿದರೂ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ನಮ್ಮ ಕೈಯಿಂದ, ಸವಕಳಿ ಕಳೆಯದ ಜೀರೋ ಡೆಪ್ ವಿಮೆ ಇಲ್ಲದಿದ್ದರೆ. ಸವೆತಕ್ಕೆ, ಹೊಗೆಗೆ ವಿಮೆಯವರು ಏನೂ ಕೊಡುವುದಿಲ್ಲ. ಹಾಗಾಗಿ ಬೋರ್ ಹೋದಾಗ ಐಡಿವಿ ನೋಡುತ್ತಾ ಕೂತರೆ ಪ್ರಯೋಜನ ಇಲ್ಲ.

ನಾನು ನೋಡುವುದು ಆರ್‌ಸಿಯಲ್ಲಿರುವ ದಿನಾಂಕ. ರಿಜಿಸ್ಟ್ರೇಷನ್ 15 ವರ್ಷಕ್ಕೆ. ಆಮೇಲೆ ಆರ್‌ಟಿಒಗೆ ಹೋಗಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು, ಹಸಿರು ತೆರಿಗೆ ಬೇರೆ. ದೆಹಲಿಯಲ್ಲಿ 15 ದಾಟಿದ ಪೆಟ್ರೋಲ್ ಗಾಡಿಗೆ ಕೋರ್ಟಿನ ತಡೆ ಬಂದ ಮೇಲೆ ಇಲ್ಲಿಯೂ ಹಾಗೇ ಅಂತ ಬಹಳ ಜನ ತಿಳಿದಿದ್ದಾರೆ. ನಮ್ಮಲ್ಲಿ ಹಾಗಿಲ್ಲ. ಆದರೂ ಆ ದಿನಾಂಕ ಒಂದು ಗಡಿ. 2013ರ ಗಾಡಿ ಅಂದರೆ 2028. ಅಲ್ಲಿಯವರೆಗಂತೂ ಓಡಿಸುತ್ತೇವೆ ಅಂತ ಮನಸ್ಸಿನಲ್ಲಿ ಇದ್ದರೆ, ಎಸ್ಟಿಮೇಟನ್ನು ಉಳಿದ ತಿಂಗಳಿನಿಂದ ಭಾಗಿಸಿ. ಬೋರ್ ನಿಜವಾಗಿಯೂ ಹೋಗಿದ್ದು 12 ಸಾವಿರವೇ ಕೊಡಬೇಕಾಗಿ ಬಂದಿದ್ದರೂ, ಎರಡೂವರೆ ವರ್ಷಕ್ಕೆ ಹಂಚಿದರೆ ತಿಂಗಳಿಗೆ 400 ರೂಪಾಯಿ. ಹೊಸ ಗಾಡಿಯ ಕಂತು ಇದರ ಎಷ್ಟು ಪಟ್ಟು ಅಂತ ಎಲ್ಲರಿಗೂ ಗೊತ್ತು. ಉಳಿದಿರುವುದು ಆರೇ ತಿಂಗಳು, ಚೇಸಿಸ್‌ಗೆ ತುಕ್ಕು ಹಿಡಿದಿದೆ, ವೈರಿಂಗ್ ಕೈಕೊಡುತ್ತಿದೆ ಅಂದರೆ ಅದೇ 12 ಸಾವಿರ ನೀರಿಗೆ ಹಾಕಿದಂತೆ.

ಈ ಲೆಕ್ಕ ತಲೆಕೆಳಗಾಗುವ ಜಾಗವೂ ಇದೆ. ಜೆ.ಸಿ. ರಸ್ತೆಯಲ್ಲಿ ಯಮಹಾ ಆರ್‌ಎಕ್ಸ್ 100 ಓಡಿಸುವವರ ಪಕ್ಕ ಹತ್ತು ನಿಮಿಷ ನಿಲ್ಲಿ. 1996ರಲ್ಲಿ ನಿಂತುಹೋದ ಗಾಡಿ. ಒರಿಜಿನಲ್ ಕಾರ್ಬೋರೇಟರ್ ಸಿಕ್ಕಿತು ಅಂದರೆ ಬೆಲೆ ಕೇಳುವುದಕ್ಕೆ ಮುಂಚೆ ಜೇಬಿಗೆ ಕೈ ಹೋಗಿರುತ್ತದೆ. ಅದೇ ವರ್ಷ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಇಟ್ಟುಕೊಂಡವರ ಕಥೆ ಇನ್ನೂ ದೊಡ್ಡದು. ಅವರಿಗೆ ಈ ಬರಹ ಬೇಡ.

ಸ್ಕ್ಯಾನರ್ ಬಂದ ಮೇಲೆ

ಇಲ್ಲಿಯವರೆಗೆ ಸಣ್ಣ ಗ್ಯಾರೇಜಿನ ಪರ ಮಾತಾಡಿದೆ. ಪೂರ್ತಿ ಹಾಗಿಲ್ಲ. 2020ರ ಏಪ್ರಿಲ್ 1ರಿಂದ ಹೊಗೆ ಕಡಿಮೆ ಮಾಡುವ ಬಿಎಸ್ 6 ನಿಯಮ ಬಂತು. ಕಾರ್ಬೋರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಸೈಲೆನ್ಸರಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತಿತು. ಗಾಡಿಯೇ ತನ್ನ ದೋಷ ಗುರುತಿಸಿ ಮೀಟರಿನಲ್ಲಿ ದೀಪ ಹಚ್ಚುವ ವ್ಯವಸ್ಥೆಯೂ ಕಡ್ಡಾಯ ಆಯಿತು. ಆ ದೀಪ ಯಾಕೆ ಹತ್ತಿದೆ ಅಂತ ಕಿವಿಗೊಟ್ಟು ಕೇಳಿದರೆ ಗೊತ್ತಾಗುವುದಿಲ್ಲ, ಸ್ಕ್ಯಾನರ್ ಹಾಕಿ ಕೋಡ್ ಓದಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ "ಸೆನ್ಸರ್ ಚೇಂಜ್ ಮಾಡಿ ನೋಡೋಣ" ಅಂದರೆ, ಆ "ನೋಡೋಣ" ನಮ್ಮ ದುಡ್ಡಿನಲ್ಲಿ. ಇಂಥ ಕಡೆ ಕಂಪನಿ ಸರ್ವೀಸ್ ಸೆಂಟರಿನ ಎಸ್ಟಿಮೇಟೇ ಎಷ್ಟೋ ವಾಸಿ. ಈಚೆಗೆ ಹೊರಗಿನ ಗ್ಯಾರೇಜುಗಳಲ್ಲೂ ಕೆಲವರು ಸ್ಕ್ಯಾನರ್ ತಂದಿಟ್ಟುಕೊಂಡಿದ್ದಾರೆ. ಅದಕ್ಕೆ ಬೇರೆ ಚಾರ್ಜ್ ಹೇಳುತ್ತಾರೆ. ಜನ ಬೈದುಕೊಳ್ಳುತ್ತಾರೆ. ನಾನು ಸಂತೋಷವಾಗಿ ಕೊಡುತ್ತೇನೆ. ಕಡೆಗೂ ಯಾರೋ ನೋಡಿದ್ದಕ್ಕೆ ಅಂತಲೇ ದುಡ್ಡು ಕೇಳಿದರಲ್ಲ.

ಸರ್ವೀಸ್ ಸೆಂಟರಿನಲ್ಲಿ ಬೇರೆ ಕಾಟ. ಅಲ್ಲಿ ಪಾರ್ಟಿನ ಬೆಲೆ ಮುಚ್ಚುಮರೆ ಇಲ್ಲ, ಲೇಬರಿಗೆ ಚಾರ್ಟ್ ಇದೆ. ಆದರೆ ಜಾಬ್ ಕಾರ್ಡ್ ಬರೆಯುವವರು ಬೇರೆ, ಗಾಡಿ ಬಿಚ್ಚುವವರು ಬೇರೆ. ನಮ್ಮ ಮಾತು ಕೇಳುವವರಿಗೆ ಗಾಡಿ ಗೊತ್ತಿಲ್ಲ, ಗಾಡಿ ಗೊತ್ತಿರುವವರಿಗೆ ನಮ್ಮ ಮಾತು ತಲುಪುವುದಿಲ್ಲ. "ಬೆಳಿಗ್ಗೆ ಮಾತ್ರ ಹೊಗೆ, ಇಳಿಜಾರಿನ ಕೆಳಗೆ ಒಂದು ಸಲ" ಅನ್ನುವುದು ಕಾರ್ಡಿನಲ್ಲಿ "ಸ್ಮೋಕ್ ಕಂಪ್ಲೇಂಟ್" ಅಂತ ಆಗುತ್ತದೆ. ನಾನು ಪೂರ್ತಿ ವಾಕ್ಯ ಬರೆಸುತ್ತೇನೆ. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಲಿ. ಇನ್ನು ಟೆಫ್ಲಾನ್ ಕೋಟಿಂಗ್, ಇಂಜಿನ್ ಫ್ಲಶ್, ಕಾರ್ಬನ್ ಕ್ಲೀನಿಂಗ್ ಅಂತ ಪ್ರತಿ ಸಲ ಸೇರಿಕೊಳ್ಳುವ ಸಾಲುಗಳಿವೆ. ಯಾವ ತೊಂದರೆಗೆ ಇದು ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಹೊಡೆದುಹಾಕಿಸಿ. ಯಾರೂ ಜಗಳ ಮಾಡುವುದಿಲ್ಲ.

ಆಯುಧಪೂಜೆಯ ಹಿಂದಿನ ವಾರ ಮಾತ್ರ ಎಲ್ಲೂ ಗಾಡಿ ಬಿಡಬೇಡಿ. ಎಲ್ಲ ಕಡೆ ನೂಕುನುಗ್ಗಲು. ನೀರು ಹೊಡೆದು ಹೊಳಪು ಮಾಡಿ ಕೊಡುತ್ತಾರೆ, ಅಷ್ಟೇ.

ಚೌಕಾಶಿ ಮಾಡದ ಜಾಗ

ಬ್ರೇಕ್, ಟಯರ್, ಹ್ಯಾಂಡಲ್ ತಿರುಗಿಸುವ ಬೇರಿಂಗಾದ ಕೋನ್ ಸೆಟ್, ಮುಂದಿನ ಚಕ್ರ ಹಿಡಿದಿರುವ ಫೋರ್ಕ್. ಇವುಗಳ ಎಸ್ಟಿಮೇಟ್ ಬಂದರೆ ತಿಂಗಳಿನಿಂದ ಭಾಗಿಸುವ ಲೆಕ್ಕ ನಾನು ಹಾಕುವುದಿಲ್ಲ. ಮಳೆಗಾಲದಲ್ಲಿ ಗುಂಡಿ ಯಾವುದು, ರಸ್ತೆ ಯಾವುದು ಅಂತ ಗೊತ್ತಾಗದ ಊರಿನಲ್ಲಿ ಇವು ಕೈಕೊಟ್ಟರೆ ಉಳಿತಾಯದ ಮಾತೇ ಬರುವುದಿಲ್ಲ. ಹಾಗಂತ ಕಣ್ಣು ಮುಚ್ಚಿ ಹೂಂ ಅನ್ನಬೇಕಾಗಿಲ್ಲ. ಇವೇ ನಾವು ಸ್ವತಃ ನೋಡಿ ತಿಳಿಯಬಹುದಾದ ಭಾಗಗಳು. ಡಿಸ್ಕ್ ಬದಲಾಯಿಸಬೇಕು ಅಂದರೆ, ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕ್ ಮೇಲೆಯೇ ಅಚ್ಚು ಹೊಡೆದಿರುತ್ತಾರೆ. ವರ್ನಿಯರ್ ಹಿಡಿದು ತೋರಿಸಿ ಅನ್ನಬಹುದು. ಕೋನ್ ಸೆಟ್ ಹೋಗಿದೆ ಅಂದರೆ, ಡಬಲ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ನೆಲ ಬಿಡುವ ಹಾಗೆ ಮಾಡಿ. ಫೋರ್ಕಿನ ಕೆಳತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಳ್ಳಿ. ಟಕ್ ಟಕ್ ಅಂದರೆ ಆಟ ಬಂದಿದೆ. ಹ್ಯಾಂಡಲನ್ನು ಒಂದೇ ಬೆರಳಲ್ಲಿ ನಿಧಾನ ತಿರುಗಿಸಿ. ನಡುವೆ ನೆಟ್ಟಗೆ ಬಂದಾಗ ಹಳ್ಳಕ್ಕೆ ಬಿದ್ದಂತೆ ಸಿಕ್ಕಿಕೊಂಡರೆ ಮೆಕ್ಯಾನಿಕ್ ಹೇಳಿದ್ದು ನಿಜ. ಚೈನಿಗೆ ಇನ್ನೂ ಸುಲಭ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಲ್ಲಿ ಹಿಡಿದು ಹೊರಕ್ಕೆ ಎಳೆಯಿರಿ. ಹಲ್ಲಿನ ಅರ್ಧ ಕಾಣುವಷ್ಟು ಎದ್ದರೆ ಕಿಟ್ ಹಾಕಿಸಲೇಬೇಕು. ಮತ್ತೆ, ಚೈನ್ ಒಂದನ್ನೇ ಹಾಕಿ ಸ್ಪ್ರಾಕೆಟ್ ಹಳೆಯದೇ ಬಿಡಿ ಅಂತ ಕೇಳಬೇಡಿ. ಸವೆದ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ.

ಬ್ಯಾಟರಿಯೂ ಇದೇ ಜಾತಿ. ಬ್ಯಾಟರಿ, ಕಾಯಿಲ್, ಚಾರ್ಜಿಂಗ್ ಹದದಲ್ಲಿಡುವ ಆರ್‌ಆರ್ ಯೂನಿಟ್ ಮೂರೂ ಸೇರಿಸಿ ಯಾರಾದರೂ ಐದು ಸಾವಿರ ಹೇಳಿದರೆ ಮಲ್ಟಿಮೀಟರ್ ಇಡಿಸಿ. ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಮೀಟರ್ ಸಾಕು. ಗಾಡಿ ನಿಂತಿದ್ದಾಗ ಬ್ಯಾಟರಿ 12.5 ವೋಲ್ಟಿನ ಆಸುಪಾಸು ತೋರಿಸಬೇಕು. ಸ್ಟಾರ್ಟ್ ಮಾಡಿ ರೇಸ್ ಕೊಟ್ಟಾಗ 14ರ ಹತ್ತಿರ ಹೋಗಬೇಕು. ಹೋದರೆ ಚಾರ್ಜಿಂಗ್ ಸರಿ ಇದೆ, ಬ್ಯಾಟರಿ ಒಂದನ್ನು ನೋಡಿದರೆ ಸಾಕು. ಹೋಗದಿದ್ದರೆ ಬರೀ ಬ್ಯಾಟರಿ ಹಾಕಿಸಿಕೊಂಡು ಬಂದರೆ ಅದೂ ಸ್ವಲ್ಪ ದಿನದಲ್ಲಿ ಮಲಗುತ್ತದೆ.

ಈಗ ನನ್ನ ಗಾಡಿಯದೇ ಒಂದು ಎಸ್ಟಿಮೇಟ್ ಕೈಯಲ್ಲಿದೆ. ಮುಂದಿನ ಬಲಗಡೆ ಫೋರ್ಕಿನಿಂದ ಆಯಿಲ್ ಸೋರುತ್ತಿದೆ. ಕೆಲಸದ ದಾರಿಯಲ್ಲಿರುವ ಗ್ಯಾರೇಜಿನಲ್ಲಿ ಹೊರಗಿನಿಂದ ನೋಡಿ "ಪೈಪ್ ಬೆಂಡ್ ಇದೆ, ಎರಡೂ ಪೈಪ್ ಹಾಕಬೇಕು, 4,600" ಅಂದರು. ಇರಬಹುದು. ಕಳೆದ ಮಳೆಗೆ ನಾಯಂಡಹಳ್ಳಿ ಹತ್ತಿರ ಒಂದು ಗುಂಡಿಗೆ ಸರಿಯಾಗಿಯೇ ಇಳಿಸಿದ್ದೆ. ಹನುಮಂತನಗರದ ಮೇಸ್ತ್ರಿಗೆ ಹೇಳಿದ್ದೇನೆ. ಮೊದಲು ಪೈಪ್ ಹೊರಗೆ ತೆಗೆದು, ಗಾಜಿನ ಹಲಗೆ ಮೇಲೆ ಉರುಳಿಸಿ ತೋರಿಸಿ. ಬೆಂಡ್ ಇದ್ದರೆ ಉರುಳುವಾಗ ನಡುವೆ ಬೆಳಕು ಕಾಣುತ್ತದೆ, ಕುಣಿಯುತ್ತದೆ. ಇಲ್ಲದಿದ್ದರೆ ಬರೀ ಆಯಿಲ್ ಸೀಲು. ಬಿಚ್ಚಿ ನೋಡುವುದಕ್ಕೆ 300 ಬೇರೆ ಕೊಡುತ್ತೇನೆ, ಕೆಲಸ ನಿಮ್ಮಲ್ಲೇ ಮಾಡಿಸಿದರೂ ಸರಿ, ಬಿಟ್ಟರೂ ಸರಿ ಅಂದೆ. "ಬರೀ ನೋಡೋದಕ್ಕೆ ಯಾರು ಸಾರ್ ದುಡ್ಡು ಕೊಡ್ತಾರೆ, ಪಕ್ಕದ ಅಂಗಡಿಯವರು ಕೇಳಿದ್ರೆ ನಗ್ತಾರೆ" ಅಂದರು. ನಗಲಿ ಬಿಡಿ ಅಂದೆ. ಗುರುವಾರ ಬೆಳಿಗ್ಗೆ ಗಾಡಿ ಬಿಡುತ್ತೇನೆ. ಪೈಪ್ ಬೆಂಡ್ ಇದ್ದರೆ ಅವರು ಜೆ.ಸಿ. ರಸ್ತೆಗೆ ಹೋಗಬೇಕು, ಗಾಡಿ ಶನಿವಾರಕ್ಕೆ ಕೈಗೆ. ಅಲ್ಲಿಯವರೆಗೆ ಬಿಎಂಟಿಸಿ.